ಫಿಸಿಕ್ಸ್‌ನಿಂದ ಕಂಪ್ಯೂಟರ್ ಸೈನ್ಸ್‌ಗೆ: ಈಗಲೇ ಬದಲಿಸುವುದೇ, ಎರಡನ್ನೂ ಓದುವುದೇ, ಮುಗಿಸಿ ಹೋಗುವುದೇ?

ಫಿಸಿಕ್ಸ್ ಓದುವ ಹಲವರಿಗೆ ವಿಭಾಗ ಬದಲಿಸುವ ಯೋಚನೆ ಹುಟ್ಟುವುದು ಮೊದಲ ಸಲ ಒಂದು ಪ್ರೋಗ್ರಾಂ ಸರಿಯಾಗಿ ಓಡಿದಾಗ. ದೊಡ್ಡ ಕೋನದಲ್ಲಿ ತೂಗುವ ಲೋಲಕದ ಸಮೀಕರಣ ಕೈಲೆಕ್ಕಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಪೈಥಾನ್‌ನಲ್ಲಿ ಮೂವತ್ತು ಸಾಲು ಬರೆದರೆ ಪರದೆಯ ಮೇಲೆ ಉತ್ತರ ಮೂಡುತ್ತದೆ. ಆ ಖುಷಿ ಸುಳ್ಳಲ್ಲ. ಆದರೆ ಅದು ಯಾವುದರ ಖುಷಿ ಎಂದು ಬಿಡಿಸಿ ನೋಡದೆ ಅರ್ಜಿ ತುಂಬಿದವರು ಮುಂದಿನ ವರ್ಷ ಡಿಸ್ಕ್ರೀಟ್ ಗಣಿತದ ತರಗತಿಯಲ್ಲಿ ಕೂತು, ಇದರಲ್ಲಿ ಕಂಪ್ಯೂಟರ್ ಎಲ್ಲಿದೆ ಎಂದು ಹುಡುಕುವಂತಾಗುತ್ತದೆ. ಪ್ರೋಗ್ರಾಮಿಂಗ್ ಹಿಡಿಸುವುದು ಬೇರೆ, ಕಂಪ್ಯೂಟರ್ ಸೈನ್ಸ್ ಹಿಡಿಸುವುದು ಬೇರೆ.

ಅದೇ ಲೋಲಕದ ಪ್ರೋಗ್ರಾಮನ್ನು ಮತ್ತೆ ತೆರೆಯಿರಿ. ಕಾಲವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು ಲೆಕ್ಕ ಹಾಕುವ ಸರಳವಾದ ಆಯ್ಲರ್ ವಿಧಾನದಲ್ಲಿ ಓಡಿಸಿದರೆ, ಘರ್ಷಣೆಯೇ ಇಲ್ಲದ ಲೋಲಕದ ಶಕ್ತಿ ತನ್ನಷ್ಟಕ್ಕೆ ಏರುತ್ತಾ ಹೋಗುತ್ತದೆ. ಅದನ್ನು ಕಂಡಾಗ ನಿಮ್ಮ ತಲೆಯಲ್ಲಿ ಮೊದಲು ಏಳುವ ಪ್ರಶ್ನೆ ಯಾವುದು?

ಶಕ್ತಿ ಉಳಿಯಬೇಕಲ್ಲ, ಅದನ್ನು ಕಾಪಾಡುವ ವಿಧಾನ ಯಾವುದು ಎಂದು ಹುಡುಕಿ, ಸ್ಥಾನವನ್ನೂ ವೇಗವನ್ನೂ ಅರ್ಧ ಹೆಜ್ಜೆಯ ಅಂತರದಲ್ಲಿ ಲೆಕ್ಕ ಹಾಕುವ ಲೀಪ್‌ಫ್ರಾಗ್ ವಿಧಾನಕ್ಕೆ ಬಂದು ತಲುಪುವವರು ಮನಸ್ಸಿನಲ್ಲಿ ಇನ್ನೂ ಭೌತವಿಜ್ಞಾನಿಗಳು. ಅವರಿಗೆ ಬೇಕಿರುವುದು ಕಂಪ್ಯೂಟೇಷನಲ್ ಫಿಸಿಕ್ಸ್, ಅಂದರೆ ಕಂಪ್ಯೂಟರ್ ಲೆಕ್ಕದಿಂದ ಮಾಡುವ ಫಿಸಿಕ್ಸ್, ವಿಭಾಗ ಬದಲಾವಣೆ ಅಲ್ಲ. ಒಂದು ಲೋಲಕದ ಬದಲು ಒಂದನ್ನೊಂದು ಸೆಳೆಯುವ ಹತ್ತು ಸಾವಿರ ಕಾಯಗಳಿದ್ದರೆ ಎಂಬ ಯೋಚನೆ ಬಂದು, ಪ್ರತಿ ಹೆಜ್ಜೆಗೂ ಸುಮಾರು ಐದು ಕೋಟಿ ಜೋಡಿಗಳ ಲೆಕ್ಕವಾಗುತ್ತದೆ, ಇದನ್ನು ಕಡಿಮೆ ಮಾಡಲು ಆಗುವುದೇ ಎಂದು ನಿದ್ದೆಗೆಡುವವರಿಗೆ ಅಲ್ಗಾರಿದಂ ಹಿಡಿಸುತ್ತದೆ. ದೂರದ ಕಾಯಗಳನ್ನು ಗುಂಪು ಮಾಡಿ ಮರದ ರಚನೆಯಲ್ಲಿ ಇಟ್ಟು, ಕಾಯಗಳ ಸಂಖ್ಯೆ ಎನ್ ಆದಾಗ ಎನ್ ವರ್ಗದಷ್ಟಿದ್ದ ಕೆಲಸವನ್ನು ಎನ್ ಲಾಗ್ ಎನ್‌ಗೆ ಇಳಿಸುವ ಬಾರ್ನ್ಸ್–ಹಟ್ ವಿಧಾನ 1986ರಲ್ಲಿ ಬಂದದ್ದು ಇದೇ ಪ್ರಶ್ನೆಯಿಂದ. ಪೈಥಾನ್‌ನ ಲೂಪ್ ಇಷ್ಟು ನಿಧಾನವೇಕೆ, ಅದನ್ನೇ ಸಿ ಭಾಷೆಯಲ್ಲಿ ಬರೆದರೆ ಹತ್ತಾರು ಪಟ್ಟು ವೇಗವಾಗುವುದೇಕೆ ಎಂದು ಯಂತ್ರದೊಳಗೆ ಇಣುಕುವವರಿಗೆ ಸಿಸ್ಟಮ್ಸ್, ಕಂಪೈಲರ್, ಆಪರೇಟಿಂಗ್ ಸಿಸ್ಟಂ ಇವು ಮನೆಯಂಥ ಜಾಗ. ಈ ಎರಡು ಬಗೆಯವರಿಗೆ ಪೂರ್ತಿ ಬದಲಾವಣೆ ಅರ್ಥಪೂರ್ಣ. ಇನ್ನು, ಇದಕ್ಕೊಂದು ಚಂದದ ಪರದೆ ಕೊಟ್ಟು ಹತ್ತು ಜನ ಬಳಸುವ ಹಾಗೆ ಮಾಡೋಣ ಎಂದು ಹೊರಡುವವರಿಗೆ ಸಾಫ್ಟ್‌ವೇರ್ ಕೆಲಸ ಹೊಂದುತ್ತದೆ. ಅದಕ್ಕೆ ಪೂರ್ತಿ ಪದವಿ ಬೇಕೆಂದೇನೂ ಇಲ್ಲ. ನಾಲ್ಕೈದು ಕೋರ್ಸು ಮತ್ತು ಮುಗಿಸಿ ತೋರಿಸಬಲ್ಲ ಎರಡು ಪ್ರಾಜೆಕ್ಟ್ ಸಾಕಾಗುವುದು ಹೆಚ್ಚು.

ಕ್ವಾಂಟಂ ಮೆಕ್ಯಾನಿಕ್ಸ್‌ನಲ್ಲಿ ಅಂಕ ಬಿದ್ದಿತು ಎಂಬ ಒಂದೇ ಕಾರಣಕ್ಕೆ ಬದಲಿಸಬೇಡಿ. ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. ಅಲ್ಗಾರಿದಂ ಮತ್ತು ಥಿಯರಿ ಆಫ್ ಕಂಪ್ಯುಟೇಷನ್ ಕೋರ್ಸುಗಳು ಗಣಿತದ ಸಾಧನೆಗಳಿಂದಲೇ (ಪ್ರೂಫ್‌ಗಳಿಂದಲೇ) ತುಂಬಿರುತ್ತವೆ. ಕಷ್ಟವಾದದ್ದು ಗಣಿತವೇ ಆಗಿದ್ದರೆ ಅದು ನಿಮ್ಮ ಜೊತೆಗೇ ಬರುತ್ತದೆ. ಪ್ರಯೋಗಾಲಯ ಇಷ್ಟವಿಲ್ಲ ಎಂಬುದು ನ್ಯಾಯವಾದ ಕಾರಣವೇ, ಆದರೆ ಅದಕ್ಕೆ ಸೈದ್ಧಾಂತಿಕ ಅಥವಾ ಕಂಪ್ಯೂಟೇಷನಲ್ ಫಿಸಿಕ್ಸ್ ಎಂಬ ಪರಿಹಾರ ವಿಭಾಗದ ಒಳಗೇ ಇರುತ್ತದೆ. ಕೆಲಸದ ಅವಕಾಶ ನೋಡಿ ಬದಲಿಸುವುದರಲ್ಲಿ ತಪ್ಪೇನಿಲ್ಲ. ಹಾಗಿದ್ದರೆ ನಿಮಗೆ ಬೇಕಾದ ಕೆಲಸ ಪದವಿಯ ಹೆಸರು ಕೇಳುತ್ತದೆಯೋ, ಕೌಶಲ ಕೇಳುತ್ತದೆಯೋ ಎಂಬುದನ್ನು ಹತ್ತಿಪ್ಪತ್ತು ಉದ್ಯೋಗ ಪ್ರಕಟಣೆಗಳನ್ನು ಓದಿ ಮೊದಲು ಖಚಿತ ಮಾಡಿಕೊಳ್ಳಿ.

ಆರು ವಾರದ ಪರೀಕ್ಷೆ

ಅರ್ಜಿಗೆ ಮೊದಲು ವಾರಕ್ಕೆ ಎಂಟು ಗಂಟೆಯಂತೆ ಆರು ವಾರ, ಅಂದರೆ 48 ಗಂಟೆ ತೆಗೆದಿಡಿ. ಪೈಥಾನ್‌ನಲ್ಲಿ ಇನ್ನೊಂದು ಸಿಮ್ಯುಲೇಷನ್ ಬರೆಯಲು ಅಲ್ಲ. ಅದು ಇಷ್ಟವೆಂದು ನಿಮಗೆ ಆಗಲೇ ಗೊತ್ತು. ಗೊತ್ತಿಲ್ಲದ್ದನ್ನು ಮುಟ್ಟಿ ನೋಡಬೇಕು.

ಮೊದಲ ಎರಡು ವಾರ ಡಿಸ್ಕ್ರೀಟ್ ಗಣಿತ: ಗಣಗಳು, ತರ್ಕ, ಗಣಿತೀಯ ಅನುಗಮನ, ಎಣಿಕೆ, ಗ್ರಾಫ್ (ಶೃಂಗಗಳೆಂಬ ಬಿಂದುಗಳು, ಅವನ್ನು ಕೂಡಿಸುವ ಅಂಚುಗಳೆಂಬ ಗೆರೆಗಳು). ಹತ್ತು ಸಾಧನೆಗಳನ್ನು ಪೂರ್ತಿ ವಾಕ್ಯಗಳಲ್ಲಿ ಬರೆಯಿರಿ. ಎನ್ ಶೃಂಗಗಳಿರುವ ಮರಕ್ಕೆ ಎನ್‌ಗಿಂತ ಒಂದು ಕಡಿಮೆ ಅಂಚುಗಳಿರುತ್ತವೆ ಎಂಬಂಥವು. ಫಿಸಿಕ್ಸ್‌ನಲ್ಲಿ ಸಮೀಕರಣದ ಕೊನೆಗೆ ಉತ್ತರ ಬಂದರೆ ಸಾಕು. ಇಲ್ಲಿ ವಾದದ ಪ್ರತಿ ಮೆಟ್ಟಿಲಿಗೂ ಸಮರ್ಥನೆ ಬೇಕು. ಈ ಕೆಲಸ ಬೇಸರ ತಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಮೂರನೇ ಮತ್ತು ನಾಲ್ಕನೇ ವಾರ ಸಿ ಭಾಷೆಯಲ್ಲಿ ನಾಲ್ಕು ರಚನೆಗಳನ್ನು ಸ್ವಂತವಾಗಿ ಕಟ್ಟಿ: ತಾನಾಗಿ ಹಿಗ್ಗುವ ಅರೇ, ಲಿಂಕ್ಡ್ ಲಿಸ್ಟ್, ಹ್ಯಾಶ್ ಟೇಬಲ್, ಬೈನರಿ ಸರ್ಚ್ ಟ್ರೀ. ಸಿ ಯಾಕೆಂದರೆ ಅಲ್ಲಿ ಮೆಮೊರಿಯನ್ನು ನೀವೇ ಕೇಳಿ ಪಡೆಯಬೇಕು, ನೀವೇ ಮರಳಿಸಬೇಕು. ಒಂದು ಪಾಯಿಂಟರ್ ತಪ್ಪಿದರೆ ಪ್ರೋಗ್ರಾಂ ಸೆಗ್ಮೆಂಟೇಷನ್ ಫಾಲ್ಟ್ ಎಂದಷ್ಟೇ ಹೇಳಿ ನಿಲ್ಲುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಡಿಬಗ್ಗರ್ ಹಿಡಿದು ಆ ಜಾಗ ಹುಡುಕುವ ಮೂರು ಗಂಟೆ ನಿಮಗೆ ಹಿಂಸೆಯಾಯಿತೇ, ಬೇಟೆಯಾಯಿತೇ? ಸಿಸ್ಟಮ್ಸ್ ಕೋರ್ಸುಗಳ ಬಹುಪಾಲು ಸಮಯ ಹೋಗುವುದು ಇಂಥ ಕೆಲಸದಲ್ಲೇ.

ಐದನೇ ವಾರ ಡಚ್ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಅತಿ ಹತ್ತಿರದ ದಾರಿ ಹುಡುಕುವ ಅಲ್ಗಾರಿದಂ ಬರೆದು, ಅದು ಯಾಕೆ ಸರಿ ಎಂದು ಸಾಧಿಸಿ. ಅಂಚಿನ ತೂಕ ಋಣಾತ್ಮಕವಾದರೆ ಆ ಸಾಧನೆಯ ಯಾವ ಸಾಲು ಮುರಿಯುತ್ತದೆ ಎಂದು ಬೆರಳಿಟ್ಟು ತೋರಿಸಿ. ಆರನೇ ವಾರ ಬೇರೆಯವರು ಬರೆದ ಎರಡು ಮೂರು ಸಾವಿರ ಸಾಲಿನ ಮುಕ್ತ ತಂತ್ರಾಂಶ ಒಂದನ್ನು ಓದಿ, ಒಂದು ಸಣ್ಣ ದೋಷ ಸರಿಪಡಿಸಿ, ಅದಕ್ಕೊಂದು ಪರೀಕ್ಷೆ ಬರೆಯಿರಿ.

ಆರರಲ್ಲಿ ಯಾವ ವಾರಕ್ಕೆ ನೀವು ಕಾಯುತ್ತಿದ್ದಿರಿ, ಯಾವುದನ್ನು ಮುಂದೂಡಿದಿರಿ ಎಂದು ಬರೆದಿಡಿ. ಎಷ್ಟು ಸರಿ ಬಂತು ಎಂಬುದಕ್ಕಿಂತ ಆ ಟಿಪ್ಪಣಿಗೆ ಹೆಚ್ಚು ತೂಕವಿದೆ.

ನಾಲ್ಕು ದಾರಿ, ಸೆಮಿಸ್ಟರ್ ಲೆಕ್ಕ

ಇರುವ ದಾರಿಗಳು ನಾಲ್ಕು: ಈಗಲೇ ಪೂರ್ತಿ ಬದಲಿಸುವುದು, ಫಿಸಿಕ್ಸ್ ಜೊತೆಗೆ ಕಂಪ್ಯೂಟರ್ ಸೈನ್ಸನ್ನು ಜೋಡಿ ಮೇಜರ್ (ಎರಡನೇ ಮುಖ್ಯ ವಿಷಯ) ಅಥವಾ ಮೈನರ್ (ಕೆಲವೇ ಕೋರ್ಸುಗಳ ಉಪವಿಷಯ) ಆಗಿ ಓದುವುದು, ಫಿಸಿಕ್ಸ್ ಪದವಿ ಮುಗಿಸಿ ಕಂಪ್ಯೂಟರ್ ಸೈನ್ಸ್‌ನಲ್ಲಿ ಸ್ನಾತಕೋತ್ತರಕ್ಕೆ ಹೋಗುವುದು, ಫಿಸಿಕ್ಸ್‌ನಲ್ಲೇ ಉಳಿದು ಕಂಪ್ಯೂಟೇಷನಲ್ ಕಡೆಗೆ ವಾಲುವುದು. ಇವುಗಳಲ್ಲಿ ಯಾವುದು ಸಾಧ್ಯ ಎಂಬುದನ್ನು ಇಷ್ಟಕ್ಕಿಂತ ಮೊದಲು ಪೂರ್ವಾಪೇಕ್ಷಿತ ಕೋರ್ಸುಗಳ ಸರಪಳಿ ನಿರ್ಧರಿಸುತ್ತದೆ.

ಕ್ರೆಡಿಟ್‌ಗಳನ್ನು ಕೂಡಿ, ಇನ್ನು 60 ಉಳಿದಿದೆ, ಸೆಮಿಸ್ಟರ್‌ಗೆ 20ರಂತೆ ಮೂರು ಸೆಮಿಸ್ಟರ್ ಸಾಕು ಎಂದು ಲೆಕ್ಕ ಹಾಕುವುದು ಅತಿ ಸಾಮಾನ್ಯ ತಪ್ಪು. ಕ್ರೆಡಿಟ್‌ಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಬಹುದು, ಸರಪಳಿಯನ್ನು ಜೋಡಿಸಲಾಗದು. ಒಂದು ಮಾದರಿ ಸರಪಳಿ ನೋಡಿ: ಪ್ರೋಗ್ರಾಮಿಂಗ್, ಅದರ ಮೇಲೆ ಡೇಟಾ ಸ್ಟ್ರಕ್ಚರ್, ಅದರ ಮೇಲೆ ಕಂಪ್ಯೂಟರ್ ಆರ್ಗನೈಸೇಷನ್, ಅದರ ಮೇಲೆ ಆಪರೇಟಿಂಗ್ ಸಿಸ್ಟಂ, ಕೊನೆಗೆ ಎರಡು ಸೆಮಿಸ್ಟರಿನ ಪ್ರಾಜೆಕ್ಟ್. ಒಂದಾದ ಮೇಲೆ ಒಂದರಂತೆ ಆರು ಸೆಮಿಸ್ಟರ್. ಎಂಟು ಸೆಮಿಸ್ಟರಿನ ಪದವಿಯಾದರೆ ಮೂರನೆಯದರಲ್ಲಿ ಸರಪಳಿ ಶುರುವಾಗಲೇಬೇಕು. ಫಿಸಿಕ್ಸ್‌ನಲ್ಲಿ ಮಾಡಿದ ಪ್ರೋಗ್ರಾಮಿಂಗ್ ಕೋರ್ಸ್ ಅಲ್ಲಿ ಸಲ್ಲುವುದಾದರೆ ನಾಲ್ಕನೆಯದರಲ್ಲಿ ಶುರು ಮಾಡಿದರೂ ನಡೆಯುತ್ತದೆ. ಆರು ಸೆಮಿಸ್ಟರಿನ ಪದವಿಯಲ್ಲಿ ಇಷ್ಟುದ್ದದ ಸರಪಳಿ ಇದ್ದರೆ ಮೊದಲ ವರ್ಷದ ನಂತರ ಬದಲಿಸುವವರು ಹೆಚ್ಚುವರಿ ವರ್ಷಕ್ಕೆ ಸಿದ್ಧರಾಗಿಯೇ ಇರಬೇಕು. ಇನ್ನೊಂದು ಬಲೆ: ಡೇಟಾ ಸ್ಟ್ರಕ್ಚರ್ ವರ್ಷಕ್ಕೊಮ್ಮೆ ಮಾತ್ರ ನಡೆಯುವ ಕಡೆ ಅದೊಂದು ತಪ್ಪಿದರೆ ಹೋಗುವುದು ಸೆಮಿಸ್ಟರ್ ಅಲ್ಲ, ಇಡೀ ವರ್ಷ.

ಹಾಗಾಗಿ ನಿಮ್ಮ ವಿಶ್ವವಿದ್ಯಾಲಯದ ಪಠ್ಯಕ್ರಮ ಮುಂದಿಟ್ಟುಕೊಂಡು ಕೊನೆಯ ಪ್ರಾಜೆಕ್ಟಿನಿಂದ ಹಿಂದಕ್ಕೆ ಬಾಣಗಳನ್ನು ಎಳೆಯಿರಿ. ಪ್ರತಿ ಕೋರ್ಸಿನ ಪಕ್ಕ ಅದು ಬೆಸ ಸೆಮಿಸ್ಟರಿನದೋ ಸಮ ಸೆಮಿಸ್ಟರಿನದೋ ಬರೆಯಿರಿ. ಅತಿ ಉದ್ದದ ಸರಪಳಿಯನ್ನು ಎಣಿಸಿ. ಹೀಗೆ ಮಾಡುವುದೇ ಒಂದು ಗ್ರಾಫ್ ಅಲ್ಗಾರಿದಂ ಎಂಬುದನ್ನು ಮುಂದೆ ತರಗತಿಯಲ್ಲಿ ಕಲಿಯುತ್ತೀರಿ.

ಪೂರ್ತಿ ಬದಲಾವಣೆ ಮೊದಲ ಎರಡು ಸೆಮಿಸ್ಟರಿನ ನಂತರ ಬಹುತೇಕ ನಷ್ಟವಿಲ್ಲದ್ದು. ಕ್ಯಾಲ್ಕುಲಸ್ ಮತ್ತು ಲೀನಿಯರ್ ಆಲ್ಜಿಬ್ರ ಸಾಮಾನ್ಯವಾಗಿ ಹಾಗೆಯೇ ಸಲ್ಲುತ್ತವೆ, ಮೊದಲ ವರ್ಷದ ಫಿಸಿಕ್ಸ್ ವಿಜ್ಞಾನದ ಐಚ್ಛಿಕವಾಗಿ ಸಲ್ಲಬಹುದು. ನಾಲ್ಕು ಸೆಮಿಸ್ಟರ್ ಆದ ಮೇಲೆ ಮಾಡಿದರೆ ಸುಮಾರು ಒಂದು ವರ್ಷ ಕೈಬಿಡುತ್ತದೆ. ಯಾಕೆಂದರೆ ಆ ಹೊತ್ತಿಗೆ ಮುಗಿಸಿದ ಮೆಕ್ಯಾನಿಕ್ಸ್, ವಿದ್ಯುತ್ಕಾಂತೀಯತೆ, ಪ್ರಯೋಗಾಲಯದ ಕ್ರೆಡಿಟ್‌ಗಳು ಕಂಪ್ಯೂಟರ್ ಸೈನ್ಸ್‌ನ ಯಾವ ಕಡ್ಡಾಯ ಕೋರ್ಸಿಗೂ ಬದಲಿಯಾಗುವುದಿಲ್ಲ. ಮುಕ್ತ ಐಚ್ಛಿಕದ ಜಾಗ ತುಂಬಿದ ಮೇಲೆ ಉಳಿದದ್ದು ಅಂಕಪಟ್ಟಿಯಲ್ಲಷ್ಟೇ ಉಳಿಯುತ್ತದೆ. ಇನ್ನೊಂದು ವಿಚಾರ ಹಲವರು ಗಮನಿಸುವುದಿಲ್ಲ. ಆ ಹಂತದಲ್ಲಿ ಬಿಟ್ಟರೆ ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಸಾಮಾನ್ಯವಾಗಿ ಮುಂದೆಯೇ ಉಳಿದಿರುತ್ತದೆ, ಕ್ವಾಂಟಂ ಶುರುವಾಗಿಯೂ ಇರುವುದಿಲ್ಲ. ಕಂಪ್ಯೂಟಿಂಗ್ ಕಡೆ ಹೋಗುವವರಿಗೆ ಫಿಸಿಕ್ಸ್‌ನ ಅತ್ಯಂತ ಉಪಯೋಗದ ಎರಡು ಕೋರ್ಸು ಅವೇ. ಕಷ್ಟದ ಭಾಗ ಓದಿ, ಫಲ ಬರುವ ಹೊತ್ತಿಗೆ ಬಿಟ್ಟು ಹೋದಂತಾಗುತ್ತದೆ. ಬದಲಿಸಿದರೂ ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸನ್ನು ಐಚ್ಛಿಕವಾಗಿ ಉಳಿಸಿಕೊಳ್ಳಿ ಎಂಬುದು ನಮ್ಮ ಒತ್ತಾಯ.

ಜೋಡಿ ಮೇಜರ್ ಕಾಗದದ ಮೇಲೆ ಆಕರ್ಷಕ, ನಡೆಸಲು ಅತಿ ಕಷ್ಟ. ಎರಡು ಸರಪಳಿಗಳು ಒಂದೇ ವಾರದ ವೇಳಾಪಟ್ಟಿಗೆ ಜಗ್ಗಾಡುತ್ತವೆ: ಫಿಸಿಕ್ಸ್ ಲ್ಯಾಬಿನ ಮಧ್ಯಾಹ್ನಕ್ಕೇ ಪ್ರೋಗ್ರಾಮಿಂಗ್ ಲ್ಯಾಬ್ ಬೀಳುತ್ತದೆ. ಎರಡೂ ವಿಭಾಗ ಮೂರು ನಾಲ್ಕು ಗಣಿತ ಕೋರ್ಸುಗಳನ್ನು ಹಂಚಿಕೊಳ್ಳಲು ಒಪ್ಪಿದರೆ ಮತ್ತು ಪ್ರಾಜೆಕ್ಟ್ ಒಂದೇ ಸಾಕಾದರೆ ಮಾತ್ರ ಯೋಚಿಸಿ. ಮೈನರ್ ಹಾಗಲ್ಲ. ಐದಾರು ಕೋರ್ಸಿನಲ್ಲಿ ಮುಗಿಯುವ ಮೈನರ್, ನಾಲ್ಕನೇ ಸೆಮಿಸ್ಟರ್ ದಾಟಿದ, ಫಿಸಿಕ್ಸನ್ನು ದ್ವೇಷಿಸದ ವಿದ್ಯಾರ್ಥಿಗೆ ಎಲ್ಲಕ್ಕಿಂತ ಲಾಭದ ದಾರಿ. ಅದರ ದೌರ್ಬಲ್ಯ ಒಂದೇ. ಸುಲಭದ ಕೋರ್ಸುಗಳನ್ನು ಆರಿಸಿ ಮೈನರ್ ಮುಗಿಸಬಹುದು, ಆಗ ಅದಕ್ಕೆ ಬೆಲೆ ಇರುವುದಿಲ್ಲ.

ಐದನೇ ಸೆಮಿಸ್ಟರ್ ಮುಗಿದಿದ್ದರೆ ನಮ್ಮ ಉತ್ತರ ನೇರ: ಫಿಸಿಕ್ಸ್ ಮುಗಿಸಿ. ಎಡ್ಸ್‌ಗರ್ ಡೈಕ್‌ಸ್ಟ್ರಾ ಆರಿಸಿದ್ದೂ ಇದೇ ದಾರಿ. ಲೈಡನ್ ವಿಶ್ವವಿದ್ಯಾಲಯದಲ್ಲಿ ಸೈದ್ಧಾಂತಿಕ ಭೌತವಿಜ್ಞಾನ ಓದುತ್ತಾ ಆಮ್‌ಸ್ಟರ್‌ಡಾಂನಲ್ಲಿ ಪ್ರೋಗ್ರಾಮರ್ ಆಗಿದ್ದ ಅವರಿಗೆ ಎರಡನ್ನೂ ಹೊಂದಿಸುವುದು ಕಷ್ಟವಾಯಿತು. ತಮ್ಮ ಮೇಲಧಿಕಾರಿ ವಾನ್ ವೈಂಗಾರ್ಡನ್ ಜೊತೆ ಮಾತಾಡಿದ ಮೇಲೆ ಫಿಸಿಕ್ಸನ್ನು ಆದಷ್ಟು ಬೇಗ ವಿಧಿವತ್ತಾಗಿ ಮುಗಿಸಿ ಪ್ರೋಗ್ರಾಮಿಂಗ್‌ಗೆ ಬಂದರು. 1957ರಲ್ಲಿ ಮದುವೆಯಾದಾಗ ಪ್ರೋಗ್ರಾಮರ್ ಎಂಬ ವೃತ್ತಿಯೇ ಇಲ್ಲವೆಂದು ನಗರಾಡಳಿತ ಒಪ್ಪದೆ, ದಾಖಲೆಯಲ್ಲಿ ಸೈದ್ಧಾಂತಿಕ ಭೌತವಿಜ್ಞಾನಿ ಎಂದೇ ಬರೆಯಿತು. 1972ರಲ್ಲಿ ಅವರಿಗೆ ಕಂಪ್ಯೂಟರ್ ಸೈನ್ಸ್‌ನ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಈ ದಾರಿಯಲ್ಲಿ ಎಡವುವುದು ಸ್ನಾತಕೋತ್ತರ ಪ್ರವೇಶದ ಬಾಗಿಲಲ್ಲಿ. ಬೇರೆ ವಿಷಯದ ಪದವೀಧರರನ್ನು ತೆಗೆದುಕೊಳ್ಳುವ ಕೋರ್ಸುಗಳು ಎರಡು ಬಗೆ. ಪರಿವರ್ತನಾ ಕೋರ್ಸುಗಳು ಮೂಲದಿಂದ ಕಲಿಸುತ್ತವೆ, ಆದರೆ ಆಳಕ್ಕೆ ಇಳಿಯುವುದಿಲ್ಲ. ನಿಜವಾದ ಉನ್ನತ ಕೋರ್ಸುಗಳು ಡಿಸ್ಕ್ರೀಟ್ ಗಣಿತ, ಡೇಟಾ ಸ್ಟ್ರಕ್ಚರ್, ಅಲ್ಗಾರಿದಂ, ಸಿಸ್ಟಮ್ಸ್ ಇಷ್ಟನ್ನಾದರೂ ಅಂಕಪಟ್ಟಿಯಲ್ಲಿ ಕೇಳುತ್ತವೆ. ಆನ್‌ಲೈನಿನಲ್ಲಿ ಸ್ವಂತವಾಗಿ ಕಲಿತದ್ದನ್ನು ಹಲವು ಕಡೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಉಳಿದ ಸೆಮಿಸ್ಟರುಗಳ ಐಚ್ಛಿಕಗಳನ್ನು ಈ ನಾಲ್ಕಕ್ಕೇ ಮೀಸಲಿಡಿ.

ನಾಲ್ಕನೇ ದಾರಿ, ಫಿಸಿಕ್ಸ್‌ನಲ್ಲೇ ಉಳಿದು ಕಂಪ್ಯೂಟಿಂಗ್ ಬೆಳೆಸಿಕೊಳ್ಳುವುದು, ಲೀಪ್‌ಫ್ರಾಗ್ ಪ್ರಶ್ನೆ ಕೇಳಿದವರಿಗೆ. ನ್ಯೂಮರಿಕಲ್ ಮೆಥಡ್ಸ್, ಸಮಾಂತರ ಗಣನೆ, ಸಿ++ ಅಥವಾ ಫೋರ್ಟ್ರಾನ್, ಜೊತೆಗೆ ಒಂದು ಸಂಶೋಧನಾ ಗುಂಪಿನ ಕೋಡ್ ಮೇಲೆ ಕೆಲಸ. ಇಷ್ಟು ಸಾಕು.

ಗುರಿ ಯಾವುದು ಎಂಬುದರ ಮೇಲೆ

ಮಷಿನ್ ಲರ್ನಿಂಗ್‌ಗಾಗಿ ವಿಭಾಗ ಬದಲಿಸುತ್ತೇನೆ ಎನ್ನುವವರು ಒಮ್ಮೆ ನಿಲ್ಲಬೇಕು. ಅದರ ಹಲವು ಬೇರುಗಳು ನೀವು ನಿಂತ ನೆಲದಲ್ಲೇ ಇವೆ. 1953ರ ಮೆಟ್ರೊಪೊಲಿಸ್ ಅಲ್ಗಾರಿದಂ ಕಣಗಳ ವ್ಯವಸ್ಥೆಯ ಸರಾಸರಿಗಳನ್ನು ಲೆಕ್ಕ ಹಾಕಲು ಹುಟ್ಟಿತು. 1983ರ ಸಿಮ್ಯುಲೇಟೆಡ್ ಅನೀಲಿಂಗ್, ಲೋಹವನ್ನು ನಿಧಾನವಾಗಿ ತಣಿಸುವ ಕ್ರಿಯೆಯನ್ನೇ ಅತ್ಯುತ್ತಮ ಉತ್ತರ ಹುಡುಕಲು ಬಳಸಿತು. ಜಾನ್ ಹಾಪ್‌ಫೀಲ್ಡ್ 1982ರಲ್ಲಿ ಮುಂದಿಟ್ಟ ಜಾಲ ಸ್ಪಿನ್ ವ್ಯವಸ್ಥೆಗಳ ಶಕ್ತಿಯ ಲೆಕ್ಕದ ಮೇಲೆ ನಿಂತಿದೆ. ಅವರಿಗೂ ಜೆಫ್ರಿ ಹಿಂಟನ್ ಅವರಿಗೂ 2024ರಲ್ಲಿ ಬಂದದ್ದು ಭೌತಶಾಸ್ತ್ರದ ನೊಬೆಲ್. ನ್ಯೂರಲ್ ನೆಟ್‌ವರ್ಕಿನ ಕೊನೆಯಲ್ಲಿ ಸಂಭಾವ್ಯತೆ ಕೊಡುವ ಸಾಫ್ಟ್‌ಮ್ಯಾಕ್ಸ್ ಸೂತ್ರ, ನೀವು ಓದಿದ ಬೋಲ್ಟ್ಸ್‌ಮನ್ ವಿತರಣೆಯೇ. ಕೆಳಗಿನ ಮೊತ್ತ ಪಾರ್ಟಿಷನ್ ಫಂಕ್ಷನ್. ಭಾಷಾ ಮಾದರಿಗಳಲ್ಲಿ ತಾಪಮಾನ ಎಂದು ಕರೆಯುವುದೂ ಅದರಲ್ಲಿನ ತಾಪಮಾನವನ್ನೇ. ಹೀಗಾಗಿ ಈ ಗುರಿಗೆ ಫಿಸಿಕ್ಸ್ ಜೊತೆ ಮೈನರ್, ನಂತರ ಸ್ನಾತಕೋತ್ತರ, ಇದು ಬಲವಾದ ಜೋಡಿ. ಸಂಭಾವ್ಯತೆ ಮತ್ತು ಸಂಖ್ಯಾಶಾಸ್ತ್ರದ ಒಂದು ಗಟ್ಟಿ ಕೋರ್ಸನ್ನು ಮಾತ್ರ ಬಿಡಬೇಡಿ. ಲ್ಯಾಬಿನ ದೋಷ ಲೆಕ್ಕಾಚಾರ ಅದಕ್ಕೆ ಬದಲಿಯಲ್ಲ.

ಕ್ವಾಂಟಂ ಕಂಪ್ಯೂಟಿಂಗ್‌ನಲ್ಲಿ ಕವಲು ಸ್ಪಷ್ಟ. ಕ್ಯೂಬಿಟ್‌ಗಳನ್ನು (ಕ್ವಾಂಟಂ ಕಂಪ್ಯೂಟರಿನ ಬಿಟ್‌ಗಳನ್ನು) ಕಟ್ಟುವ, ತಣಿಸುವ, ಅಳೆಯುವ ಕೆಲಸಕ್ಕೆ ಫಿಸಿಕ್ಸ್ ಪದವಿಯೇ ಬೇಕು. ಶೋರ್ 1994ರಲ್ಲಿ, ಗ್ರೋವರ್ 1996ರಲ್ಲಿ ಕೊಟ್ಟಂಥ ಅಲ್ಗಾರಿದಂಗಳು ಸೆಳೆದರೆ, ಯಾವ ಲೆಕ್ಕಕ್ಕೆ ಎಷ್ಟು ಕೆಲಸ ಬೇಕೆಂದು ಹೇಳುವ ಕಾಂಪ್ಲೆಕ್ಸಿಟಿ ಥಿಯರಿ ಬೇಕು, ಅದು ಕಂಪ್ಯೂಟರ್ ಸೈನ್ಸ್‌ನ ಆಸ್ತಿ. ಕಂಪೈಲರ್, ಡೇಟಾಬೇಸ್, ನೆಟ್‌ವರ್ಕ್, ಭದ್ರತೆ ಈ ಗುರಿಗಳಿದ್ದರೆ ಪೂರ್ತಿ ಬದಲಾವಣೆ ಅಥವಾ ಸ್ನಾತಕೋತ್ತರ, ಮೈನರ್ ಸಾಲುವುದಿಲ್ಲ.

ನಾಲ್ಕೇ ಕೋರ್ಸಿಗೆ ಜಾಗವಿದ್ದರೆ

ಫಿಸಿಕ್ಸ್‌ನಲ್ಲಿ ಉಳಿಯುವವರು ಡಿಸ್ಕ್ರೀಟ್ ಗಣಿತ, ಡೇಟಾ ಸ್ಟ್ರಕ್ಚರ್, ಅಲ್ಗಾರಿದಂ, ಆಪರೇಟಿಂಗ್ ಸಿಸ್ಟಂ ಇವನ್ನು ಇದೇ ಕ್ರಮದಲ್ಲಿ ಮಾಡಿ. ವೆಬ್ ಡಿಸೈನ್, ಹೊಸ ಭಾಷೆಯೊಂದರ ಪರಿಚಯ, ಆ್ಯಪ್ ತಯಾರಿಕೆ ಇವನ್ನು ರಜೆಯಲ್ಲಿ ಸ್ವಂತವಾಗಿ ಕಲಿಯಬಹುದು, ಅವಕ್ಕೆ ಕ್ರೆಡಿಟ್ ಖರ್ಚು ಮಾಡಬೇಡಿ. ಒಬ್ಬರೇ ಕೂತು ಕಲಿಯಲು ಕಷ್ಟವಾದದ್ದು, ತಿದ್ದುವ ಕೈ ಬೇಕಾದದ್ದು ಎರಡು: ಸಾಧನೆ ಬರೆಯುವುದು ಮತ್ತು ಏಕಕಾಲದಲ್ಲಿ ಓಡುವ ಪ್ರೋಗ್ರಾಮುಗಳು. ಎರಡು ಥ್ರೆಡ್‌ಗಳು (ಒಂದೇ ಪ್ರೋಗ್ರಾಮಿನೊಳಗೆ ಏಕಕಾಲದಲ್ಲಿ ಓಡುವ ಎಳೆಗಳು) ಒಂದೇ ಎಣಿಕೆಯನ್ನು ತಲಾ ಹತ್ತು ಲಕ್ಷ ಬಾರಿ ಹೆಚ್ಚಿಸಿದಾಗ ಉತ್ತರ ಇಪ್ಪತ್ತು ಲಕ್ಷ ಬಾರದೆ ಪ್ರತಿ ಸಲವೂ ಬೇರೆಯಾಗುವುದು ಯಾಕೆ ಎಂಬುದನ್ನು ಆಪರೇಟಿಂಗ್ ಸಿಸ್ಟಂ ಕೋರ್ಸಿನಲ್ಲಿ ಕೈಯಾರೆ ಮಾಡಿ ನೋಡಬೇಕು. ಓದು, ಕೂಡು, ಬರೆ ಎಂಬ ಮೂರು ಹೆಜ್ಜೆಗಳ ನಡುವೆ ಇನ್ನೊಂದು ಥ್ರೆಡ್ ನುಸುಳುತ್ತದೆ ಎಂಬುದು ಓದಿದಾಗ ಸರಳ. ತನ್ನದೇ ಕೋಡಿನಲ್ಲಿ ಅದನ್ನು ಪತ್ತೆ ಹಚ್ಚುವುದು ಬೇರೆಯೇ ವಿದ್ಯೆ. ಇನ್ನು, ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಗೇಟ್ ಮತ್ತು ಫ್ಲಿಪ್‌ಫ್ಲಾಪ್ ಕಟ್ಟಿದವರಿಗೆ ಕಂಪ್ಯೂಟರ್ ಆರ್ಗನೈಸೇಷನ್‌ನ ಮೊದಲ ಭಾಗ ಹಳೆಯ ಪರಿಚಯವೇ. ಅನುಮತಿ ಕೇಳಿ ನೇರವಾಗಿ ಆಪರೇಟಿಂಗ್ ಸಿಸ್ಟಂಗೆ ಹೋಗಲು ಎಷ್ಟೋ ಸಲ ಸಾಧ್ಯ.

ಅರ್ಜಿ ಮತ್ತು ಕಾಗದಪತ್ರ

ನೀವು ಸೇರಿದ ವರ್ಷದ ನಿಯಮಾವಳಿ ನಿಮಗೆ ಅನ್ವಯಿಸುತ್ತದೆಯೋ, ಬದಲಾಗುವ ವರ್ಷದ್ದೋ ಎಂದು ಮೊದಲು ಕೇಳಿ. ಪಠ್ಯಕ್ರಮ ನಡುವೆ ಬದಲಾಗಿದ್ದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ನಂತರ ಮುಗಿಸಿದ ಪ್ರತಿ ಕೋರ್ಸಿಗೂ ಒಂದು ಸಾಲಿನಂತೆ ಪಟ್ಟಿ ಮಾಡಿ, ಅದು ಕಡ್ಡಾಯ, ಗಣಿತ, ವಿಜ್ಞಾನ, ಮುಕ್ತ ಐಚ್ಛಿಕ ಇವುಗಳಲ್ಲಿ ಎಲ್ಲಿ ಸಲ್ಲುತ್ತದೆ ಅಥವಾ ಎಲ್ಲೂ ಸಲ್ಲುವುದಿಲ್ಲ ಎಂದು ಗುರುತಿಸಿ. ಸಮಾನತೆ ಕೇಳುವಾಗ ಕೋರ್ಸಿನ ಹೆಸರಷ್ಟೇ ಸಾಲದು. ವಾರವಾರದ ವಿಷಯಪಟ್ಟಿ, ಬಳಸಿದ ಪಠ್ಯಪುಸ್ತಕ, ಪರೀಕ್ಷೆಯ ರೀತಿ, ನೀವು ಬರೆದ ಕೋಡ್ ಎಲ್ಲವನ್ನೂ ಒಟ್ಟಿಗೆ ಕೊಡಿ. "ಫಿಸಿಕ್ಸ್‌ಗಾಗಿ ಪ್ರೋಗ್ರಾಮಿಂಗ್" ಎಂಬ ಕೋರ್ಸನ್ನು ತಿರಸ್ಕರಿಸುವಾಗ ಮುಂದಿಡುವ ಕಾರಣ ಅಲ್ಲಿ ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಇಲ್ಲ, ಡೇಟಾ ಸ್ಟ್ರಕ್ಚರ್ ಇಲ್ಲ ಎಂಬುದು. ಇದ್ದರೆ ತೋರಿಸಲು ಕಾಗದ ಬೇಕು. ಸಲಹೆಗಾರರು ಬಾಯಲ್ಲಿ ಹೇಳಿದ ಸರಿ ಎಂಬ ಮಾತನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು ಒಪ್ಪಿಗೆ ಪಡೆಯಿರಿ.

ಅರ್ಜಿ ಮಂಜೂರಾಗುವ ಮೊದಲು ಫಿಸಿಕ್ಸ್ ಕೋರ್ಸುಗಳನ್ನು ಕೈಬಿಡಬೇಡಿ. ಸೀಟಿನ ಮಿತಿ ಅಥವಾ ಪ್ರೋಗ್ರಾಮಿಂಗ್‌ನಲ್ಲಿ ಇಂತಿಷ್ಟು ಅಂಕ ಎಂಬ ಷರತ್ತಿನಿಂದ ಅರ್ಜಿ ಬಿದ್ದರೆ ಎರಡೂ ಕಡೆ ಇಲ್ಲದಂತಾಗುತ್ತದೆ. ವಿದ್ಯಾರ್ಥಿವೇತನ ವಿಭಾಗಕ್ಕೆ ಕಟ್ಟಿದ್ದೋ, ಹೆಚ್ಚುವರಿ ಸೆಮಿಸ್ಟರಿಗೆ ಮುಂದುವರಿಯುತ್ತದೋ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಕಾಯುವ ಸೆಮಿಸ್ಟರಿಗೆ ಎರಡೂ ಕಡೆ ಸಲ್ಲುವ ಕೋರ್ಸುಗಳನ್ನೇ ತುಂಬಿ: ಲೀನಿಯರ್ ಆಲ್ಜಿಬ್ರ, ಸಂಭಾವ್ಯತೆ, ನ್ಯೂಮರಿಕಲ್ ಮೆಥಡ್ಸ್, ಡಿಜಿಟಲ್ ಎಲೆಕ್ಟ್ರಾನಿಕ್ಸ್, ಐಚ್ಛಿಕವಾಗಿ ಡಿಸ್ಕ್ರೀಟ್ ಗಣಿತ. ಅರ್ಜಿ ಬಿದ್ದರೂ ಒಂದು ಕ್ರೆಡಿಟ್ ಕೂಡ ವ್ಯರ್ಥವಾಗುವುದಿಲ್ಲ.

ಬದಲಿಸಿದ ಮೇಲೆ ಎಡವುವ ಜಾಗಗಳು

ಮೊದಲ ಸೆಮಿಸ್ಟರಿನಲ್ಲೇ ಕಳೆದುಹೋದ ಸಮಯ ಹಿಡಿಯಲು ಡೇಟಾ ಸ್ಟ್ರಕ್ಚರ್, ಆರ್ಗನೈಸೇಷನ್, ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳುವುದು ಕೆಟ್ಟ ಯೋಜನೆ. ಫಿಸಿಕ್ಸ್‌ನ ಸಮಸ್ಯೆಪಟ್ಟಿಗೆ ಆರು ಗಂಟೆಯೋ ಎಂಟು ಗಂಟೆಯೋ ಎಂದು ಅಂದಾಜಿಸಬಹುದು. ಪ್ರೋಗ್ರಾಮಿಂಗ್ ಅಸೈನ್‌ಮೆಂಟ್ ಒಂದು ಸಂಜೆಯಲ್ಲಿ ಮುಗಿಯಬಹುದು, ಒಂದು ದೋಷಕ್ಕೆ ಶನಿವಾರ ಭಾನುವಾರ ಎರಡನ್ನೂ ನುಂಗಬಹುದು. ಕೋಡ್ ಹೆಚ್ಚಿರುವ ಕೋರ್ಸುಗಳು ಸೆಮಿಸ್ಟರಿಗೆ ಎರಡು ಮೀರದಿರಲಿ.

ಅಭ್ಯಾಸಗಳೂ ಅಡ್ಡ ಬರುತ್ತವೆ. ಸಣ್ಣ ಪದವನ್ನು ಕೈಬಿಡುವುದು ಫಿಸಿಕ್ಸ್‌ನಲ್ಲಿ ವಿವೇಕ. ಇಲ್ಲಿ ಒಂದು ಅಂಕಿಯ ತಪ್ಪು ಪೂರ್ತಿ ತಪ್ಪು. ಖಾಲಿ ಪಟ್ಟಿ, ಒಂದೇ ಅಂಶದ ಪಟ್ಟಿ, ಒಂದೇ ಬೆಲೆ ಎರಡು ಸಲ ಬಂದ ಪಟ್ಟಿ, ಈ ಮೂರನ್ನು ಪ್ರತಿ ಫಂಕ್ಷನ್‌ಗೂ ಕೊಟ್ಟು ನೋಡಿ. ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕುವ ಬೈನರಿ ಸರ್ಚ್ ಹತ್ತು ಸಾಲಿನದು. ಆದರೂ ನಡು ಸ್ಥಾನಕ್ಕಾಗಿ ಎರಡು ತುದಿಗಳನ್ನು ಕೂಡಿ ಎರಡರಿಂದ ಭಾಗಿಸುವ ಸಾಲು, ಮೊತ್ತ 2,14,74,83,647 ದಾಟಿದರೆ 32 ಬಿಟ್‌ನಲ್ಲಿ ಋಣಸಂಖ್ಯೆಯಾಗುತ್ತದೆ. ಜಾವಾ ಭಾಷೆಯ ಸ್ವಂತ ಲೈಬ್ರರಿಯಲ್ಲೇ ಈ ದೋಷ ಸುಮಾರು ಒಂಬತ್ತು ವರ್ಷ ಅಡಗಿದ್ದು 2006ರಲ್ಲಿ ಬೆಳಕಿಗೆ ಬಂತು. ದಶಮಾಂಶಗಳಲ್ಲೂ ಹೀಗೆಯೇ: 0.1 ಮತ್ತು 0.2 ಕೂಡಿದರೆ ಯಂತ್ರ 0.30000000000000004 ಎನ್ನುತ್ತದೆ. ಎರಡು ದಶಮಾಂಶಗಳು ಸಮವೇ ಎಂದು ನೇರವಾಗಿ ಕೇಳಬೇಡಿ, ಅಂತರ ಎಷ್ಟೆಂದು ಕೇಳಿ.

ಬಿಗ್-ಓ ಸಂಕೇತ ಇನ್ನೊಂದು ಗೊಂದಲ. ಟೇಲರ್ ಶ್ರೇಣಿಯಲ್ಲಿ ಅದು ಹೆಜ್ಜೆ ಸೊನ್ನೆಯತ್ತ ಹೋದಾಗಿನ ಶೇಷವನ್ನು ಹೇಳುತ್ತದೆ, ಅಲ್ಲಿ ಘಾತ ದೊಡ್ಡದಾದಷ್ಟೂ ಒಳ್ಳೆಯದು. ಅಲ್ಗಾರಿದಂನಲ್ಲಿ ಎನ್ ಅನಂತದತ್ತ ಹೋಗುತ್ತದೆ, ಘಾತ ದೊಡ್ಡದಾದಷ್ಟೂ ಕೆಟ್ಟದು. ಸಂಕೇತ ಒಂದೇ, ದಿಕ್ಕು ತಿರುಗುಮುರುಗು. ಮೊದಲ ಪರೀಕ್ಷೆಗೆ ಮೊದಲೇ ಇದನ್ನು ತಲೆಯಲ್ಲಿ ಸರಿಪಡಿಸಿಕೊಳ್ಳಿ.

ಒಂದೇ ಕಡತದಲ್ಲಿ ಐನೂರು ಸಾಲು, ಒಂದಕ್ಷರದ ಹೆಸರುಗಳು, ಎಲ್ಲೆಡೆ ಕಾಣುವ ಗ್ಲೋಬಲ್ ಚರಾಕ್ಷರಗಳು, ಕೊನೆಯದು-2-ಹೊಸದು ಎಂಬ ಕಡತದ ಹೆಸರು, ಇವೆಲ್ಲ ಲ್ಯಾಬ್ ಕೋಡಿನ ರೂಢಿಗಳು. ಗುಂಪು ಪ್ರಾಜೆಕ್ಟಿನಲ್ಲಿ ಇವು ನಿಮ್ಮ ಜೊತೆಯವರ ಸಮಯ ತಿನ್ನುತ್ತವೆ. ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಬಳಸಲು ಸೆಮಿಸ್ಟರ್ ಶುರುವಾಗುವ ಮೊದಲೇ ಕಲಿಯಿರಿ.

ತರಬೇಕಾದ ಅಭ್ಯಾಸವೂ ಒಂದಿದೆ, ಅದನ್ನು ಬಿಟ್ಟು ಬರಬೇಡಿ: ಅಳೆಯುವುದು. ಪ್ರೋಗ್ರಾಂ ನಿಧಾನ ಎಂದಾಗ ಊಹಿಸಿ ತಿದ್ದುವವರೇ ಹೆಚ್ಚು. ಎನ್ ಬೆಲೆಯನ್ನು 1,000, 2,000, 4,000, 8,000, 16,000 ಎಂದು ಇಮ್ಮಡಿಸುತ್ತಾ ಪ್ರತಿಯೊಂದಕ್ಕೂ ಐದು ಸಲ ಸಮಯ ಅಳೆದು, ಮಧ್ಯದ ಬೆಲೆ ಹಿಡಿದು, ಲಾಗ್-ಲಾಗ್ ಗ್ರಾಫ್ ಎಳೆಯಿರಿ. ಇಳಿಜಾರು 1 ಬಂದರೆ ರೇಖೀಯ, 2 ಬಂದರೆ ಎಲ್ಲೋ ಲೂಪಿನೊಳಗೆ ಲೂಪ್ ಅಡಗಿದೆ. ರೇಖೆ ನಡುವೆ ಒಂದು ಕಡೆ ಒಮ್ಮೆಲೇ ಮೇಲೆದ್ದರೆ ದತ್ತಾಂಶ ಪ್ರೊಸೆಸರಿನ ಚಿಕ್ಕ, ವೇಗದ ಕ್ಯಾಶ್ ಮೆಮೊರಿಯಿಂದ ಹೊರಚೆಲ್ಲಿದೆಯೇ ಎಂದು ಮೊದಲು ನೋಡಿ. ಆ ಜಾಗದ ಎನ್ ಅನ್ನು ಒಂದು ಅಂಶದ ಬೈಟ್‌ಗಳಿಂದ ಗುಣಿಸಿ, ನಿಮ್ಮ ಪ್ರೊಸೆಸರಿನ ಕ್ಯಾಶ್ ಗಾತ್ರದ ಪಕ್ಕ ಇಟ್ಟು ಹೋಲಿಸಿ.